ಗುದ್ಲೆಪ್ಪ ಮಾಸ್ತರರ ಗದ್ದಲವಿಲ್ಲದ ಯಂತ್ರ

ಇಡೀ ರಗಳೆಗೆ ಕಾರಣ ಒಂದು ಅಲ್ಯುಮಿನಿಯಂ ಕ್ಯಾನು. ದುಂಡನೆಯ ಹೊಟ್ಟೆ, ಸಣ್ಣ ಕುತ್ತಿಗೆ, ಎರಡು ಕಡೆ ಹಿಡಿಕೆ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಆ ಕ್ಯಾನನ್ನು ಗುರುತಿಸದ ರೈತನೇ ಇರಲಿಲ್ಲ. ದನದ ದವಾಖಾನೆಯವರು ಜರ್ಸಿ ಹೋರಿಯ ವೀರ್ಯವನ್ನು ಸಣ್ಣ ಕಡ್ಡಿಗಳಲ್ಲಿ ತುಂಬಿ, ಕೊರೆಯುವ ದ್ರವ ಸಾರಜನಕದಲ್ಲಿ ಮುಳುಗಿಸಿ, ಹಳ್ಳಿಯಿಂದ ಹಳ್ಳಿಗೆ ಒಯ್ಯುತ್ತಿದ್ದುದು ಅದರಲ್ಲೇ. ಜನ ಅದನ್ನು ‘ಹೋರಿ ಕ್ಯಾನು’ ಎಂದೇ ಕರೆಯುತ್ತಿದ್ದರು. ಅದನ್ನು ಹಿಡಿದವನು ಡಾಕ್ಟರ. ಸರ್ಟಿಫಿಕೇಟು ಯಾರೂ ಕೇಳುತ್ತಿರಲಿಲ್ಲ.

೧೯೮೮ರ ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ಆ ಕ್ಯಾನು ಗುದ್ಲೆಪ್ಪ ಮಾಸ್ತರರ ಕೈಯಲ್ಲಿತ್ತು.

ಮಾಸ್ತರರು ಹಿರೇಕೆರೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಮೂವತ್ತೆಂಟು ವರ್ಷ, ಬಡಕಲು ಮೈ, ಆ ಮೈಗೆ ಹೊಂದದಷ್ಟು ದೊಡ್ಡ ದನಿ. ಅವರು ಕ್ಲಾಸಿನಲ್ಲಿ ನ್ಯೂಟನ್ನನ ನಿಯಮ ಹೇಳಿದರೆ ಎದುರಿನ ಹಿಟ್ಟಿನ ಗಿರಣಿಯವನಿಗೂ ಬಾಯಿಪಾಠವಾಗುತ್ತಿತ್ತು. ಸೋಲನ್ನು ಒಪ್ಪಿಕೊಳ್ಳುವುದು ಅವರ ಜಾತಕದಲ್ಲೇ ಬರೆದಿರಲಿಲ್ಲ. ಅವರ ಲ್ಯಾಬಿನ ಚಾವಿ ಸದಾ ಅವರ ಉಡದಾರದಲ್ಲೇ ಇರುತ್ತಿತ್ತು, ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ.

ಆ ಚಾವಿಯ ಮೇಲೆ ಪ್ರಿನ್ಸಿಪಾಲ ಮಲ್ಲೇಶಪ್ಪನವರ ಕಣ್ಣು ಬಿದ್ದಿತ್ತು. ಅವರಿಗೆ ಆ ಕೋಣೆಯಲ್ಲಿ ಟೈಪಿಂಗ್ ಕ್ಲಾಸು ತೆರೆಯುವ ಆಸೆ.

“ಮಾಸ್ತರ, ನಿಮ್ಮ ಲ್ಯಾಬಿನ್ಯಾಗ ಏನೈತ್ರಿ? ನಾಲ್ಕು ಲೋಲಕ, ಎರಡು ಲೆನ್ಸು, ಒಂದು ಹಲ್ಲಿ. ಟೈಪಿಂಗ್ ಕಲಿಸಿದ್ರ ಹುಡುಗರಿಗೆ ನೌಕರಿನಾರ ಸಿಗ್ತಾವ,” ಎಂದು ಅವರು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಅಂದಿದ್ದರು.

ಗುದ್ಲೆಪ್ಪ ಮಾಸ್ತರರು ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತರು. “ಶನಿವಾರ ಆಡಳಿತ ಮಂಡಳಿ ಕೂಡತೈತಲ್ರಿ? ಮೂರು ಗಂಟೆಕ್ಕ ಎಲ್ಲಾರನ್ನೂ ಲ್ಯಾಬಿಗೆ ಕರಕೊಂಡು ಬರ್ರಿ. ನನ್ನ ಆಂಪ್ಲಿಫಾಯರ್ ನಡೆಸಿ ತೋರಿಸ್ತೇನಿ. ತೋರಿಸಲಿಲ್ಲಂದ್ರ ಈ ಚಾವಿ ನಾನ ಬಿಚ್ಚಿ ನಿಮ್ಮ ಕೈಯಾಗ ಇಡ್ತೇನಿ!”

ಅಂದದ್ದು ಅಂದಾಗಿತ್ತು. ಅಷ್ಟು ದೊಡ್ಡ ದನಿಯಲ್ಲಿ ಅಂದದ್ದನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ.

ಈ ಆಂಪ್ಲಿಫಾಯರಿನ ಕತೆ ಇಷ್ಟು. ಮಾಸ್ತರರ ಜೊತೆಗೆ ಎಂ.ಎಸ್ಸಿ. ಓದಿದ ಇಸಾಕ ಈಗ ದೂರದ ದೊಡ್ಡ ಸಂಶೋಧನಾಲಯದಲ್ಲಿದ್ದ. ಬೆಳಕಿನ ಒಂದೇ ಒಂದು ಕಣ ಬಂದು ತಾಕಿದರೂ ಸುದ್ದಿ ಕೊಡುವಂಥ ಡಿಟೆಕ್ಟರುಗಳನ್ನು ಅಲ್ಲಿ ಮಾಡುತ್ತಿದ್ದರು. ಅವನ್ನು ಮಂಜುಗಡ್ಡೆಗಿಂತ ಎಷ್ಟೋ ಪಾಲು ತಣ್ಣಗೆ ಇಡಬೇಕು, ಆಗ ಮಾತ್ರ ಬಾಯಿ ಬಿಡುತ್ತವೆ. ಬಾಯಿ ಬಿಟ್ಟರೂ ಪಿಸುಮಾತು. ಆ ಪಿಸುಮಾತನ್ನು ಸಾಮಾನ್ಯ ಆಂಪ್ಲಿಫಾಯರಿಗೆ ಕೊಟ್ಟರೆ ಅದು ತನ್ನದೇ ಕರಕರ ಸೇರಿಸಿ, ಮೂಲ ಸುದ್ದಿಯನ್ನೇ ಮುಳುಗಿಸಿಬಿಡುತ್ತದೆ. ಅದಕ್ಕಾಗಿ ಅತಿವಾಹಕದ ಆಂಪ್ಲಿಫಾಯರು ಬೇಕು. ವಿಪರೀತ ಚಳಿಯಲ್ಲಿ ಅತಿವಾಹಕದೊಳಗೆ ವಿದ್ಯುತ್ತಿಗೆ ತಡೆಯೇ ಇರುವುದಿಲ್ಲ. ತಾನು ಗದ್ದಲ ಮಾಡದೆ ಇನ್ನೊಬ್ಬರ ಮಾತನ್ನಷ್ಟೇ ದೊಡ್ಡದು ಮಾಡಿ ಹೇಳುವ ಸಜ್ಜನ ಅದು.

ಹಿಂದಿನ ವರ್ಷವಷ್ಟೇ ದ್ರವ ಸಾರಜನಕದ ಚಳಿಯಲ್ಲೇ ಅತಿವಾಹಕವಾಗುವ ಒಂದು ಕಪ್ಪು ಪದಾರ್ಥವನ್ನು ಜಗತ್ತು ಕಂಡುಹಿಡಿದಿತ್ತು. ಅದರದೊಂದು ಬಿಲ್ಲೆಯನ್ನು, ಸೀದ ವಡೆಯ ಹಾಗಿದ್ದದ್ದನ್ನು, ಇಸಾಕ ಗೆಳೆಯನಿಗೆ ಕಳಿಸಿದ. ಮಾಸ್ತರರು ಆರು ತಿಂಗಳು ಕೂತು, ಅದರ ನಡುವಿನ ತೂತಿನ ಸುತ್ತ ಕೂದಲಿನಂಥ ತಂತಿ ಸುತ್ತಿ, ಆಂಪ್ಲಿಫಾಯರು ಮಾಡಿದರು. ಆಚೆ ಕೋಣೆಯಲ್ಲಿ ಒಬ್ಬರು ಸೂಜಿಗಲ್ಲು ಅಲ್ಲಾಡಿಸಿದರೆ ಈಚೆ ಕೋಣೆಯ ಮೀಟರಿನ ಮುಳ್ಳು ಏಳಬೇಕು. ಇಸಾಕನ ಲ್ಯಾಬಿನಲ್ಲಿ ಒಮ್ಮೆ ಎದ್ದೂ ಇತ್ತು. ಅಂದಿನಿಂದ ಮಾಸ್ತರರು ಆ ಬಿಲ್ಲೆಯನ್ನು ಅರಳೆಯಲ್ಲಿ ಸುತ್ತಿ, ತೀರಿಹೋದ ಅಪ್ಪನ ತಂಬಾಕಿನ ಡಬ್ಬಿಯಲ್ಲಿಟ್ಟು, ಜೋಳಿಗೆಯಲ್ಲಿ ಹಾಕಿಕೊಂಡೇ ತಿರುಗುತ್ತಿದ್ದರು. ಲ್ಯಾಬಿನಲ್ಲಿ ಬಿಟ್ಟುಬರಲು ಅವರಿಗೆ ಪ್ರಿನ್ಸಿಪಾಲರ ಮೇಲೆ ನಂಬಿಕೆ ಇರಲಿಲ್ಲ.

ಸಾರಜನಕಕ್ಕೆ ಮಾತ್ರ ಹೋರಿಗಳೇ ಗತಿ. ಹಾನಗಲ್ಲಿನಲ್ಲಿ ದನದ ಕಂಪೌಂಡರನಾಗಿದ್ದ ಗೆಳೆಯ ಬಂದೇಸಾಬ ಒಂದು ಹಳೆಯ ಕ್ಯಾನು ಕೊಟ್ಟ.

“ಕಡ್ಡಿ ಎಲ್ಲಾ ಬ್ಯಾರೆ ಕ್ಯಾನಿಗೆ ಹಾಕೇನ್ರಿ ಮಾಸ್ತರ, ಇದರಾಗ ಬರೇ ಸಾರಜನಕ ಐತಿ. ಕ್ಯಾನು ಹಳೇದು, ಭಾಳ ಹೊತ್ತು ಹಿಡಿಯೂದಿಲ್ಲ. ಸಂಜಿತನಕ ಉಳದ್ರ ನಿಮ್ಮ ಪುಣ್ಯ. ಮುಚ್ಚಳ ಬಿಗಿ ಮಾಡಬ್ಯಾಡ್ರಿ, ಯಾರ ಕೈಗೂ ಕೊಡಬ್ಯಾಡ್ರಿ. ಇದು ಚೆಲ್ಲಿತಂದ್ರ ಇನ್ನ ಹದಿನೈದು ದಿನ ನನ್ನ ಕಡೆ ಹನಿ ಇಲ್ಲ.”

“ಚೆಲ್ಲೂದಾ? ನನ್ನ ರಗತ ಚೆಲ್ಲೇನು, ಇದನ್ನ ಚೆಲ್ಲೂದಿಲ್ಲ,” ಎಂದು ಮಾಸ್ತರರು ಕ್ಯಾನನ್ನು ಎದೆಗವಚಿಕೊಂಡು ಹೊರಟರು.

ಬಸ್ ಸ್ಟ್ಯಾಂಡಿನಲ್ಲಿ ಮೊದಲ ಜಗಳ. ಕಂಡಕ್ಟರ ಖಲಂದರ ಕ್ಯಾನು ನೋಡಿದವನೇ ಸಲಾಮು ಹೊಡೆದ.

“ಬರ್ರಿ ಡಾಕ್ಟ್ರ! ಆದ್ರ ಹೋರಿ ಒಳಗ ಬ್ಯಾಡ್ರಿ, ಮ್ಯಾಲೆ ಟಪ್ಪಿನ ಮ್ಯಾಲೆ ಹಾಕ್ರಿ.”

“ನಾನು ಡಾಕ್ಟರ ಅಲ್ಲ! ಇದರಾಗ ಹೋರಿ ಇಲ್ಲ!”

“ಹೋರಿ ಇಲ್ಲದ ಹೋರಿ ಕ್ಯಾನು ನಾ ಎಲ್ಲೂ ನೋಡಿಲ್ರಿ.”

ಮಾಸ್ತರರ ಪಿತ್ತ ನೆತ್ತಿಗೇರಿತು. ತಾನು ಡಾಕ್ಟರನಲ್ಲ ಎಂದು ಸಾಬೀತು ಮಾಡಲು ಅಲ್ಲೇ ಕಟ್ಟೆಯ ಮೇಲೆ ಜೋಳಿಗೆ ಬರಿದು ಮಾಡಿದರು. “ನೋಡು! ಪುಸ್ತಕ ಐತಿ. ತಂತಿ ಐತಿ. ಚರ್ಮದ ಕೈಗವಸು ಐತಿ. ಬುತ್ತಿ ಐತಿ. ಡಬ್ಬಿ ಐತಿ. ಎಲ್ಲೈತಿ ಸೂಜಿ? ಎಲ್ಲೈತಿ ಔಷಧ? ತೋರಿಸು!” ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ತಿರುಗಿ ನೋಡಿತು. ಅಷ್ಟರಲ್ಲಿ ಡ್ರೈವರ ಹಾರ್ನ್ ಬಾರಿಸಿ ಬಸ್ಸು ಬಿಟ್ಟೇಬಿಟ್ಟ. ಮಾಸ್ತರರು ಒಂದು ಕೈಯಲ್ಲಿ ಕ್ಯಾನು ಹಿಡಿದು, ಇನ್ನೊಂದು ಕೈಯಲ್ಲಿ ಕಟ್ಟೆಯ ಮೇಲಿದ್ದುದನ್ನು ಬಳಿದು ಜೋಳಿಗೆಗೆ ತುಂಬಿ, ಓಡಿ ಹತ್ತಿದರು. ಅವರ ಹಿಂದೆಯೇ ಒಬ್ಬ ಮುದುಕಿ ಏದುತ್ತ ಹತ್ತಿದಳು.

ಮಾಸ್ತರರು ಕ್ಯಾನನ್ನು ಕಾಲಿನ ನಡುವೆ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದು ಕೂತರು. ಹಿಂದಿನ ಸೀಟಿನಿಂದ ಬೆರಳೊಂದು ಭುಜ ತಟ್ಟಿತು.

“ಯಪ್ಪಾ, ನಿಂದು…” ಎಂದಳು ಮುದುಕಿ. ಸೆರಗಿನೊಳಗೆ ಕೈ ಇಟ್ಟುಕೊಂಡಿದ್ದಳು. ಗಾಳಿಗೂ ಕೇಳದಂಥ ಮೆತ್ತನೆಯ ದನಿ.

“ನಂದು ಏನೂ ಇಲ್ಲವ್ವ! ನಾನು ದನದ ಡಾಕ್ಟರ ಅಲ್ಲ! ನಿನ್ನ ಎಮ್ಮಿಗೂ ನನಗೂ ಸಂಬಂಧ ಇಲ್ಲ, ಸುಮ್ಮನ ಕುಂದ್ರು!”

ಮುದುಕಿ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡಳು. ಪಕ್ಕದಲ್ಲಿದ್ದವನು ತಿಳವಳ್ಳಿಯ ರೈತ ಗಿರಿಯಪ್ಪ. ಎಮ್ಮೆಯ ಮಾತು ಕಿವಿಗೆ ಬಿದ್ದದ್ದೇ ಅವನ ಮುಖ ಅರಳಿತು.

“ಎಮ್ಮಿ ಬ್ಯಾಡಾದ್ರ ಬಿಡ್ರಿ ಡಾಕ್ಟ್ರ, ನಂದು ಆಕಳ ಐತಿ. ನಿನ್ನಿಂದ ಬೆದಿಗೆ ಬಂದು ಮೇವು ಹಾಕೂ ಗ್ವಾದಲಿ ಮುರ್ಯಾಕತ್ತೈತಿ. ದೇವರು ನಿಮ್ಮನ್ನ ನನ್ನ ಮಗ್ಗಲಾ ಕುಂದ್ರಿಸ್ಯಾನ.”

“ಇದು ಯಂತ್ರಕ್ಕ ಬೇಕಾದ ಸಾರಜನಕ, ಮಾರಾಯ. ಗದ್ದಲ ಮಾಡದ ಕೇಳೂ ಯಂತ್ರ!” ಎಂದು ಮಾಸ್ತರರು ಅತಿವಾಹಕದ ಪಾಠ ಶುರು ಮಾಡಿದರು. ಬಸ್ಸಿನ ಸದ್ದನ್ನು ಮೀರಿಸಿ ಮುಕ್ಕಾಲು ಗಂಟೆ ಮಾಡಿದರು. ಬೆಳಕಿನ ಕಣ, ಅದರ ಪಿಸುಮಾತು, ಕರಕರ, ಒಂದೂ ಬಿಡಲಿಲ್ಲ. ಗಿರಿಯಪ್ಪ ಗಲ್ಲಕ್ಕೆ ಕೈಯಿಟ್ಟು ಪೂರ್ತಿ ಕೇಳಿದ.

“ಭಾಳ ಚಲೋ ಹೇಳಿದ್ರಿ. ಈಗ ನಮ್ಮ ಆಕಳಿಗೆ ಜರ್ಸಿ ಹಾಕ್ತೀರೋ, ಬ್ಯಾರೆ ತಳಿ ಹಾಕ್ತೀರೋ?”

ತಿಳವಳ್ಳಿಯಲ್ಲಿ ಚಹಾಕ್ಕೆಂದು ಬಸ್ಸು ನಿಂತಿತು. ಗಿರಿಯಪ್ಪ ಹಾರಿ ಇಳಿದು ಓಡಿದ. ಮಾಸ್ತರರು ಪೀಡೆ ತೊಲಗಿತೆಂದು ಉಸಿರು ಬಿಟ್ಟರು. ಹತ್ತು ನಿಮಿಷದಲ್ಲಿ ಅವನು ಕೆಂದು ಆಕಳನ್ನು ಹಗ್ಗ ಹಿಡಿದು ಬಸ್ಸಿನ ಬಾಗಿಲಿಗೇ ತಂದು ನಿಲ್ಲಿಸಿದ. ಅದರ ಹಿಂದೆ ಇನ್ನೊಂದು ಆಕಳು, ಅದರ ಹಿಂದೆ ಎರಡು ಎಮ್ಮೆ, ಅವುಗಳ ಹಿಂದೆ ಅರ್ಧ ಊರು. ಡಾಕ್ಟರರು ತಾವಾಗಿ ಬಂದಿರುವಾಗ ಹಾನಗಲ್ಲಿಗೆ ಯಾಕೆ ಹೊಡೆದುಕೊಂಡು ಹೋಗಬೇಕು?

ಮಾಸ್ತರರು ಕ್ಯಾನು ಅವಚಿಕೊಂಡು ಫುಟ್‌ಬೋರ್ಡಿನ ಮೇಲೆ ನಿಂತರು. “ತಿಳವಳ್ಳಿ ಮಹಾಜನರ, ಕೇಳ್ರಿ! ನಾನು ಭೌತಶಾಸ್ತ್ರದ ಮಾಸ್ತರ!”

“ಯಾವ ಶಾಸ್ತ್ರನಾರ ಮಾಡ್ರಿ, ಗಬ್ಬ ಕಟ್ಟಿದ್ರ ಸಾಕು!” ಎಂದ ಗುಂಪಿನಲ್ಲಿ ಒಬ್ಬ.

“ಮಾಡೂದಿಲ್ಲ! ಜಪ್ಪಯ್ಯ ಅಂದ್ರೂ ಮಾಡೂದಿಲ್ಲ!”

“ನಮ್ಮ ಊರಂದ್ರ ಇವರಿಗೆ ಕಡಿಮಿ ಆತೇನು?” ಎಂದು ಇನ್ನೊಬ್ಬ ರೇಗಿದ. ಗಿರಿಯಪ್ಪ ಮಾತ್ರ ಉಪಾಯಗಾರ. ಮಾಲು ಇದೆಯೋ ಇಲ್ಲವೋ ನೋಡಿಯೇಬಿಡೋಣವೆಂದು ಕ್ಯಾನಿನ ಮುಚ್ಚಳ ಕಿತ್ತು, ಕುತ್ತಿಗೆ ಹಿಡಿದು ಬಗ್ಗಿಸಿದ. ಬುಸ್ಸೆಂದು ಬಿಳಿ ಹೊಗೆ ಉಕ್ಕಿ ಅವನ ಕಾಲಮೇಲೆ ಹರಿಯಿತು.

“ಹೊಗಿ ಬಂತು! ತಾಜಾ ಮಾಲು ಐತಿ!” ಎಂದು ಊರು ಹರ್ಷದಿಂದ ಕೂಗಿತು.

ಮಾಸ್ತರರು ಕ್ಯಾನು ಈಕಡೆ ಎಳೆದರು, ಊರು ಮಾಸ್ತರರನ್ನು ಆಕಡೆ ಎಳೆಯಿತು. ಪರ್ ಎಂದು ಅಂಗಿಯ ಬೆನ್ನು ಹರಿಯಿತು. ಅರ್ಧ ಸಾರಜನಕ ಮಣ್ಣುಪಾಲು. ಈ ಗಲಾಟೆಯ ನಡುವೆ ಬಸ್ಸಿನೊಳಗಿಂದ ಮುದುಕಿ ಬಗ್ಗಿ ಮತ್ತೆ ಭುಜ ತಟ್ಟಿದಳು.

“ಯಪ್ಪಾ, ನಿನಗ ತ್ರಾಸ ಆಗಾಕತ್ತೈತಿ, ನಾ ತಿಳಕೊಂಡೇನಿ. ಇಲ್ಲಿ ನೋಡು, ಒಂದೀಟು ನನ್ನ ಮಾತು…”

“ನಿನ್ನ ಎಮ್ಮಿ ಸುದ್ದಿ ಎತ್ತಿದ್ರ ನೋಡು ಮತ್ತ!” ಎಂದು ಮಾಸ್ತರರು ತಿರುಗದೆಯೇ ಗುಡುಗಿದರು.

ಕೊನೆಗೆ ಕಾಪಾಡಿದವನು ಖಲಂದರ. ಸೀಟಿ ಊದಿ, “ಬಿಡ್ರೋ! ಡಾಕ್ಟ್ರು ಹಿರೇಕೆರೂರಿನ್ಯಾಗ ಹೋರಿಗೆ ದೊಡ್ಡ ಆಪರೇಷನ್ ಮಾಡೂದೈತಂತ, ಹೊರಳಿ ಬರೂವಾಗ ನಿಮ್ಮೂರಿಗೆ ಇಳೀತಾರ!” ಎಂದ. ಊರು ಗೌರವದಿಂದ ಹಿಂದೆ ಸರಿಯಿತು. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿದ್ದರೆ ಅವರು ಗುದ್ಲೆಪ್ಪ ಮಾಸ್ತರರಾಗುತ್ತಿರಲಿಲ್ಲ. “ಸುಳ್ಳು! ಯಾವ ಆಪರೇಷನ್ನೂ ಇಲ್ಲ!” ಎಂದು ಕೂಗಿದರು. ಪುಣ್ಯಕ್ಕೆ ಅಷ್ಟರಲ್ಲಿ ಬಸ್ಸು ಹೊರಟಿತ್ತು.

“ಯವ್ವಾ ಭರಮವ್ವ, ನೀ ತಿಳವಳ್ಳ್ಯಾಗ ಮಗಳ ಮನಿಗೆ ಇಳಿಯಾಕಿ ಅಲ್ಲೇನು?” ಎಂದು ಖಲಂದರ ಮುದುಕಿಯನ್ನು ಕೇಳಿದ.

“ಇನ್ನ ಮುಂದ ಹೋಗ್ತೇನಪ್ಪ. ಕೆಲಸ ಐತಿ,” ಎಂದು ಆಕೆ ಮಾಸ್ತರರ ಹರಿದ ಬೆನ್ನನ್ನೇ ನೋಡುತ್ತ ಕೂತಳು.

ಈಕೆ ಎಮ್ಮೆಗಾಗಿ ಹಿರೇಕೆರೂರಿನವರೆಗೂ ಬೆನ್ನು ಬಿಡುವುದಿಲ್ಲವೆಂದು ಮಾಸ್ತರರಿಗೆ ಖಾತ್ರಿಯಾಯಿತು. ಹಲ್ಲು ಕಚ್ಚಿ ಕ್ಯಾನನ್ನು ಇನ್ನೂ ಬಿಗಿಯಾಗಿ ಹಿಡಿದರು. ಬುತ್ತಿ ಬಿಚ್ಚಲಿಲ್ಲ, ಜೋಳಿಗೆಗೆ ಕೈ ಹಾಕಲಿಲ್ಲ. ಕ್ಯಾನಿನಿಂದ ಕೈ ತೆಗೆದರೆ ತಾನೆ?

ಹಳ್ಳಿಹಳ್ಳಿಗೂ ನಿಂತು ಬಸ್ಸು ಹಿರೇಕೆರೂರು ಮುಟ್ಟಿದಾಗ ಮೂರಕ್ಕೆ ಹತ್ತು ನಿಮಿಷ. ಮಾಸ್ತರರು ಕ್ಯಾನು ಹೊತ್ತು ಕಾಲೇಜಿನತ್ತ ಓಡಿದರು. ಮುದುಕಿಯೂ ಹಿಂದೆಯೇ ದಾಪುಗಾಲು ಹಾಕಿದಳು. ಗೇಟಿನ ಹತ್ತಿರ ಆಕೆ, “ಯಪ್ಪಾ, ನಿಂದರೋ, ಒಂದ ಮಾತು ಕೇಳೋ,” ಎಂದದ್ದೂ ಆಯಿತು. “ನಾಳಿ ಕೇಳ್ತೇನವ್ವ, ನಾಳಿ!” ಎಂದು ಅವರು ಲ್ಯಾಬಿಗೆ ನುಗ್ಗಿ, ಒಳಗಿನಿಂದ ಚಿಲಕ ಜಡಿದರು.

ಒಳಗೆ ಆಡಳಿತ ಮಂಡಳಿಯ ಆರು ಜನ ಆಗಲೇ ಕೂತಿದ್ದರು. ಬೆಳಿಗ್ಗೆ ಹೊರಡುವಾಗ ಮಾಸ್ತರರೇ ಬಾಗಿಲು ತೆರೆದಿಟ್ಟು ಹೋಗಿದ್ದರು. ಚಾವಿ ಮಾತ್ರ ಉಡದಾರದಲ್ಲೇ. ನಡುವಿನ ಕುರ್ಚಿಯಲ್ಲಿ ಅಧ್ಯಕ್ಷ ಉಳಿವೆಪ್ಪನವರು, ಅವರ ಪಕ್ಕದಲ್ಲಿ ನಗುವನ್ನು ಮೀಸೆಯಡಿ ಬಚ್ಚಿಟ್ಟುಕೊಂಡ ಮಲ್ಲೇಶಪ್ಪನವರು. ಮೇಜಿನ ಮೇಲೆ ಮೀಟರು, ತಂತಿ, ಥರ್ಮಾಸು ಎಲ್ಲ ಸಜ್ಜಾಗಿದ್ದವು.

ಮಾಸ್ತರರು ಕ್ಯಾನಿಗೆ ಕಿವಿಯಿಟ್ಟರು. ಒಳಗೆ ಗುಳುಗುಳು ಸದ್ದು. ಒಂದು ಲೀಟರಿನಷ್ಟಾದರೂ ಉಳಿದಿತ್ತು. ಸಾಕು, ಬೇಕಾದಷ್ಟಾಯಿತು! ಇಡೀ ತಿಳವಳ್ಳಿಯನ್ನು ಎದುರು ಹಾಕಿಕೊಂಡು ಉಳಿಸಿದ ಸಾರಜನಕ. ಅವರ ಎದೆ ಉಬ್ಬಿತು, ಬೆನ್ನಿನ ಅಂಗಿ ಇನ್ನೊಂದಿಷ್ಟು ಹರಿಯಿತು.

“ಮಾನ್ಯರ!” ಎಂದು ಅವರು ಶುರು ಮಾಡಿದರು. “ಈ ಜಗತ್ತಿನ್ಯಾಗ ಮಾತಾಡಾವರಿಗೆ ಬರಗಾಲ ಇಲ್ಲ. ಕೇಳಾವರು ಕಡಿಮಿ. ಕೇಳ್ತೇವಿ ಅನ್ನಾವರೂ ತಾವ ಒದರಿ, ಹೇಳಾವರ ದನಿ ಮುಳುಗಿಸ್ತಾರ. ನಮ್ಮ ಸಾಮಾನ್ಯ ಆಂಪ್ಲಿಫಾಯರಿನ ರೋಗನೂ ಅದ!”

ಬಾಗಿಲು ಮೆಲ್ಲಗೆ ಬಡಿದ ಸದ್ದಾಯಿತು.

“ಆದ್ರ ನನ್ನ ಯಂತ್ರ ಹಂಗಲ್ಲ! ತಾನು ಸುಮ್ಮನಿದ್ದು, ಎದುರಿನವರ ಪಿಸುಮಾತಿಗೆ ಕಿವಿ ಕೊಡೂ ಸಜ್ಜನ ಅದು!”

ಬಾಗಿಲು ಮತ್ತೆ ಬಡಿಯಿತು.

“ಯಾರದು ಹೊರಗ? ಗದ್ದಲ ಮಾಡಬ್ಯಾಡ್ರಿ!” ಎಂದು ಮಾಸ್ತರರು ಗಾಜಿನ ಬೀಕರುಗಳು ನಡುಗುವಂತೆ ಕೂಗಿ, ಜೋಳಿಗೆಗೆ ಕೈ ಹಾಕಿದರು. ಪುಸ್ತಕ ಬಂತು. ತಂತಿ ಬಂತು. ಚರ್ಮದ ಕೈಗವಸು ಬಂತು. ಬುತ್ತಿ ಬಂತು. ಮತ್ತೆ ಕೈ ಹಾಕಿದರು. ಜೋಳಿಗೆಯನ್ನು ತಲೆಕೆಳಗು ಮಾಡಿ ಕೊಡವಿದರು. ಒಂದು ಬಳಪದ ತುಂಡು ಬಿತ್ತು.

ಮಾಸ್ತರರ ಮುಖ ಸುಣ್ಣದಂತಾಯಿತು. ಆರು ತಿಂಗಳು ಕಣ್ಣು ನೋಯಿಸಿಕೊಂಡು ಸುತ್ತಿದ ತಂತಿ, ಅಪ್ಪನ ಡಬ್ಬಿ, ಈ ಕೋಣೆ, ಎಲ್ಲ ಒಂದೇ ಸಲ ಹೋಗಿತ್ತು. ಹಾನಗಲ್ಲಿನ ಕಟ್ಟೆ ಕಣ್ಣಮುಂದೆ ಬಂತು.

“ಏನಾತ್ರಿ ಮಾಸ್ತರ? ಸಜ್ಜನ ಬಂದಿಲ್ಲೇನು?” ಎಂದರು ಮಲ್ಲೇಶಪ್ಪನವರು. ಅವರ ಅಂಗೈ ಆಗಲೇ ಮುಂದಕ್ಕೆ ಚಾಚಿತ್ತು.

ಕೊಟ್ಟ ಮಾತು ಕೊಟ್ಟ ಮಾತೇ. ಮಾಸ್ತರರು ಉಡದಾರದಿಂದ ಚಾವಿ ಬಿಚ್ಚಿ ಆ ಅಂಗೈಯಲ್ಲಿ ಇಟ್ಟರು. ಆದರೆ ತಲೆ ತಗ್ಗಿಸಲಿಲ್ಲ.

ಅಧ್ಯಕ್ಷರಿಗೆ ಕನಿಕರವಾಯಿತು. “ಹೋಗ್ಲಿ ಬಿಡ್ರಿ ಮಾಸ್ತರ. ಅಷ್ಟು ದೂರದಿಂದ ತಂದೀರಿ. ಅದರಾಗ ಬಾಳಿಹಣ್ಣು ಅದ್ದಿದ್ರ ಕಲ್ಲಿನಂಗ ಆಗತೈತಂತಲ್ಲ? ಅದನ್ನಾರ ಮಾಡಿ ತೋರಿಸ್ರಿ, ಮಜಾ ನೋಡೂಣು.”

“ಬಾಳಿಹಣ್ಣಾ!” ಮಾಸ್ತರರ ಕಣ್ಣು ಕೆಂಪಾದವು. “ಅಧ್ಯಕ್ಷರ, ಇದು ಬೆಳಕಿನ ಪಿಸುಮಾತು ಕೇಳಾಕ ತಂದ ಸಾರಜನಕ. ಮಜಾಕ್ಕ ತಂದಿದ್ದಲ್ಲ. ಕೋಣಿ ತಗೋರಿ, ಚಾವಿ ತಗೋರಿ. ಇದನ್ನ ಮಾತ್ರ ನಿಮ್ಮ ಬಾಳಿಹಣ್ಣಿಗೆ ಕೊಡೂದಿಲ್ಲ!”

ಹೀಗೆಂದವರೇ ಕ್ಯಾನು ಎತ್ತಿ ಬೋರಲು ಹಾಕಿದರು. ಉಳಿದದ್ದೆಲ್ಲ ನೆಲದ ಮೇಲೆ ಚುರ್ರೆಂದು ಹರಿದು, ಬಿಳಿ ಮಂಜು ಎದ್ದು ಕೋಣೆ ತುಂಬಿತು. ಆಡಳಿತ ಮಂಡಳಿಯ ಆರೂ ಜನ ಕಾಲು ಮೇಲಕ್ಕೆತ್ತಿ ಕುರ್ಚಿಯ ಮೇಲೆ ಕುಕ್ಕರುಗಾಲಿನಲ್ಲಿ ಕೂತರು. ಮಲ್ಲೇಶಪ್ಪನವರು ಮೇಜನ್ನೇ ಹತ್ತಿದರು. ಮಾಸ್ತರರು ಆ ಮಂಜಿನಲ್ಲಿ ಮೊಣಕಾಲತನಕ ಮುಳುಗಿ, ಎದೆಯೆತ್ತಿ ನಡೆದುಹೋಗಿ ಬಾಗಿಲ ಚಿಲಕ ತೆಗೆದರು.

ಹೊಸ್ತಿಲಲ್ಲಿ ಭರಮವ್ವ ನಿಂತಿದ್ದಳು.

ಮಾಸ್ತರರಿಗೆ ಬಯ್ಯಲು ಕೂಡ ಶಕ್ತಿ ಉಳಿದಿರಲಿಲ್ಲ. “ಯವ್ವಾ, ಕೈ ಮುಗೀತೇನಿ,” ಎಂದರು. “ನಿನ್ನ ಎಮ್ಮಿಗೆ ನಾ ಏನೂ ಮಾಡಾಕ ಬರೂದಿಲ್ಲ.”

“ಎಮ್ಮಿ? ನನ್ನ ಕಡೆ ಎಲ್ಲೈತಿ ಎಮ್ಮಿ?” ಎಂದು ಭರಮವ್ವ ಬೆರಗಾದಳು. “ಮುಂಜಾನಿಂದ ನೀನ ಎಮ್ಮಿ ಎಮ್ಮಿ ಅನ್ನಾಕತ್ತಿ. ನಾ ಒಂದು ಕೋಳಿನೂ ಸಾಕಿಲ್ಲ,” ಎಂದು ಸೆರಗಿನೊಳಗಿನಿಂದ ಕೈ ಹೊರತೆಗೆದಳು. ಅಂಗೈಯಲ್ಲಿ ತಂಬಾಕಿನ ಡಬ್ಬಿ. “ಹಾನಗಲ್ಲ ಕಟ್ಟಿ ಮ್ಯಾಲೆ ಬಿಟ್ಟು ಓಡಿದ್ಯಲ್ಲ ಯಪ್ಪಾ. ಕೊಡೂಣಂದ್ರ ನೀ ಮಾತಾಡಾಕ ಎಲ್ಲಿ ಬಿಟ್ಟಿ? ದಾರಿ ತುಂಬ ನೀ ಸಿಡಿಮಿಡಿ ಮಾಡೂದು, ಒದರೂದು, ಮಂದಿ ಮ್ಯಾಲೆ ಹರಿಹಾಯೂದು ನೋಡಿ ನನ್ನ ಜೀವ ತಡೀಲಿಲ್ಲ. ನಮ್ಮ ಮನಿಯಾವರೂ ಹಂಗ ಇದ್ರು. ತಂಬಾಕ ಇಲ್ಲಂದ್ರ ಗಂಡಸೂರಿಗೆ ಹುಚ್ಚು ಹಿಡಿದಂಗ ಆಗತೈತಿ. ಅದಕ್ಕ ಮಗಳ ಮನಿಗೂ ಇಳೀದ ಇಲ್ಲೀತನಕ ಬಂದೆ.”

ಮಾಸ್ತರರು ಡಬ್ಬಿ ತೆರೆದರು. ಅರಳೆಯ ನಡುವೆ ಕಪ್ಪು ಬಿಲ್ಲೆ, ಒಂದು ತಂತಿಯೂ ಕದಲದೆ, ತಣ್ಣಗೆ ಮಲಗಿತ್ತು. ತಿರುಗಿ ಕ್ಯಾನು ನೋಡಿದರು. ಅದರ ಬಾಯಿಂದ ಮಂಜಿನ ಕೊನೆಯ ಎಳೆ ಹೊರಬಂದು ಕರಗಿತು. ಹನಿ ಇಲ್ಲ. ಇನ್ನು ಹದಿನೈದು ದಿನ ಹನಿ ಇಲ್ಲ. ಟೈಪಿಂಗ್ ಮಷಿನುಗಳು ಸೋಮವಾರ ಬರುವವಿದ್ದವು.

ಮೇಜಿನ ಮೇಲಿನಿಂದ ಮಲ್ಲೇಶಪ್ಪನವರು ಕಿಸಕ್ಕನೆ ನಕ್ಕರು. ಅಷ್ಟು ಸಾಕಾಯಿತು. ಗುದ್ಲೆಪ್ಪ ಮಾಸ್ತರರು ಡಬ್ಬಿಯನ್ನು ತಲೆಯ ಮೇಲೆ ಎತ್ತಿಹಿಡಿದು, ಎದುರಿನ ಗಿರಣಿ ನಿಲ್ಲುವಂತೆ ಗರ್ಜಿಸಿದರು:

“ನಗ್ರಿ! ಎಲ್ಲಾರೂ ನಗ್ರಿ! ಹದಿನೈದು ದಿನಕ್ಕ ಮತ್ತ ಕ್ಯಾನು ತರ್ತೇನಿ! ನಿಮ್ಮ ಟೈಪಿಂಗ್ ಮಷಿನ್ನಿನ ಮ್ಯಾಲೆ ಇಟ್ಟು ಮುಳ್ಳು ಎಬ್ಬಿಸಿ ತೋರಿಸ್ತೇನಿ! ನಾನು ಸೋತಿಲ್ಲ!”

ಭರಮವ್ವ ಕನಿಕರದಿಂದ ಅವರನ್ನು ಒಮ್ಮೆ ನೋಡಿದಳು. ಆಮೇಲೆ ಕುರ್ಚಿಯ ಮೇಲೆ ಕುಕ್ಕರುಗಾಲಿನಲ್ಲಿದ್ದ ಅಧ್ಯಕ್ಷರ ಕಡೆ ತಿರುಗಿ, ತನ್ನ ಮೆತ್ತನೆಯ ದನಿಯಲ್ಲಿ ಹೇಳಿದಳು:

“ಬ್ಯಾಸರ ಮಾಡಕೋಬ್ಯಾಡ್ರಿ ಸಾಹೇಬ್ರ. ಇನ್ನೂ ಬಾಯಾಗ ಹಾಕ್ಕೊಂಡಿಲ್ಲ, ಅದಕ್ಕ ಒದರಾಕತ್ತಾನ.”